ಗುದ್ದಲಿಗೆ ರೋಮಿನ ಹೊನ್ನು ತಾಗಿದರೆ



ಬಾವಿ ತೋಡುವಾಗಲೋ, ಹಾಳೂರಿನ ದಿಬ್ಬದ ಬಳಿ ಉಳುವಾಗಲೋ ಒಮ್ಮೊಮ್ಮೆ ಹಳೆಯ ನಾಣ್ಯ ಸಿಗುವುದುಂಟು. ಅದು ರೋಮ್ ಚಕ್ರವರ್ತಿಗಳ ಚಿನ್ನದ ನಾಣ್ಯವೂ ಆಗಿರಬಹುದು. ಎಲ್ಲಿಯ ರೋಮ್, ಎಲ್ಲಿಯ ನಮ್ಮೂರು ಎನ್ನಬೇಡಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಪಶ್ಚಿಮ ಕರಾವಳಿಯ ಮೆಣಸಿಗಾಗಿ ರೋಮಿನ ವರ್ತಕರು ಚಿನ್ನ ಬೆಳ್ಳಿ ತರುತ್ತಿದ್ದರು. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ರೋಮಿನ ಕೊನೆಗಾಲದ ಚಿನ್ನದ ನಾಣ್ಯಗಳೂ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಬೆಳ್ಳಿಯ ನಾಣ್ಯಗಳೂ ದೊರೆತಿವೆ.

ಗುರುತಿಸುವುದು ಹೇಗೆ?

ಇವು ಎರಡು ಬಗೆ. ಮೊದಲನೆಯದು ‘ಆರಿಯಸ್’. ತೂಕ ಏಳರಿಂದ ಎಂಟು ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಪವನು. ಒಂದು ಮುಖದಲ್ಲಿ ಎಲೆಯ ಹಾರ ಮುಡಿದ ಚಕ್ರವರ್ತಿಯ ತಲೆ, ಪಕ್ಕಕ್ಕೆ ನೋಡುವಂತೆ ಇರುತ್ತದೆ. ಸುತ್ತಲೂ ದೊಡ್ಡ ಇಂಗ್ಲಿಷ್ ಅಕ್ಷರಗಳಂಥ ಬರಹ. ಅದರಲ್ಲಿ ‘ಯು’ ಬರಬೇಕಾದಲ್ಲಿ ‘ವಿ’ ಇರುತ್ತದೆ.

ಎರಡನೆಯದು ‘ಸಾಲಿಡಸ್’. ನಾಲ್ಕನೆಯ ಶತಮಾನದ ಆರಂಭದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ತಂದದ್ದು. ತೂಕ ಸುಮಾರು ನಾಲ್ಕೂವರೆ ಗ್ರಾಂ, ತೆಳುವಾದ ಬಿಲ್ಲೆ. ಅನೇಕವುಗಳಲ್ಲಿ ಶಿರಸ್ತ್ರಾಣ ಧರಿಸಿ ಈಟಿ ಹಿಡಿದ ದೊರೆ, ಹಿಂಬದಿಯಲ್ಲಿ ರೆಕ್ಕೆಯುಳ್ಳ ವಿಜಯದೇವತೆ, ಕೆಳಗೆ ‘ಸಿ, ಓ, ಎನ್, ಓ, ಬಿ’ ಎಂಬ ಐದು ಅಕ್ಷರಗಳು ಕಾಣುತ್ತವೆ. ಕಾನ್‌ಸ್ಟಾಂಟಿನೋಪಲ್ ನಗರದ ಅಪ್ಪಟ ಚಿನ್ನವೆಂದು ಅದರ ಅರ್ಥ.

ಇವುಗಳನ್ನು ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಆದ್ದರಿಂದ ಬಿಲ್ಲೆ ಪೂರ್ತಿ ದುಂಡಗಿರದು. ಚಿತ್ರ ಒಂದು ಬದಿಗೆ ಸರಿದಿರಬಹುದು. ಅಂಚಿನಲ್ಲಿ ಈಗಿನ ನಾಣ್ಯದಂತೆ ಗೀರುಗಳಿಲ್ಲ. ಅಂಚಿನ ಸುತ್ತ ಬೆಸುಗೆಯಂಥ ಗೆರೆ ಇದ್ದರೆ ಅದು ಎರಕದ ನಕಲಿಯಾಗಿರಬಹುದು. ಮುಖದ ಮೇಲೆ ಉಳಿಯ ಗಾಯ ಅಥವಾ ಸರಕ್ಕೆ ಪೋಣಿಸಿದ ತೂತು ಕಂಡರೆ ನಕಲಿಯೆಂದು ಎಸೆಯಬೇಡಿ. 1898ರಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ಸಿಕ್ಕ 501 ನಾಣ್ಯಗಳಲ್ಲಿ ಬಹುಪಾಲಿಗೆ ಇಂಥ ಗಾಯವಿತ್ತು.

ಮೋಸಕ್ಕೆ ಬೀಳಬೇಡಿ

“ಪಾಯ ತೋಡುವಾಗ ನಿಧಿ ಸಿಕ್ಕಿದೆ, ಅಗ್ಗಕ್ಕೆ ಕೊಡುತ್ತೇವೆ” ಎಂದು ಬರುವವರಿದ್ದಾರೆ. ಪರೀಕ್ಷೆಗೆ ಕೊಡುವ ಒಂದೆರಡು ನಾಣ್ಯ ನಿಜವಾದ ಚಿನ್ನವೇ. ಹಣ ಕೊಟ್ಟ ಮೇಲೆ ಬರುವ ಚೀಲದ ತುಂಬ ಹಿತ್ತಾಳೆ. ಹೊಲ ಮನೆ ಮಾರಿದ ದುಡ್ಡು ಹೀಗೆ ಹೋದರೆ ಮರಳಿ ಬಾರದು.

ಸಿಕ್ಕರೆ ಏನು ಮಾಡಬೇಕು?

ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಅಕ್ಕಸಾಲಿಗರ ಮೂಸೆಗೆ ಕೊಡಬೇಡಿ. ಇನ್ನಷ್ಟು ಸಿಕ್ಕೀತೆಂದು ಅಗೆಯದೆ, ಮಡಕೆಯ ಚೂರನ್ನೂ ಇದ್ದಲ್ಲಿಯೇ ಬಿಡಿ. ಯಾವ ಕಾಲದ್ದೆಂದು ಹೇಳುವ ಸಾಕ್ಷಿ ಅದೇ. ನಾಲ್ವರ ಮುಂದೆ ಎಣಿಸಿ ತಹಸೀಲ್ದಾರರ ಕಚೇರಿಗೆ ಬರೆದು ತಿಳಿಸಿ. ನಿಧಿಯ ವಿಷಯಕ್ಕೆ ನಮ್ಮ ರಾಜ್ಯದಲ್ಲಿ 1962ರ ಕಾಯ್ದೆಯಿದೆ, ಮುಚ್ಚಿಟ್ಟರೆ ಅಪರಾಧ.

ಕರಗಿಸಿದರೆ ಉಳಿಯುವುದು ಒಂದು ಪವನು ಚಿನ್ನ ಮಾತ್ರ. ಕಾಪಾಡಿದರೆ ನಿಮ್ಮ ಊರಿನ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ.