ಮಮ್ಮಿಯ ವೇಷ, ತಕ್ಕಡಿಯ ತೀರ್ಪು

ತುಮಕೂರು ಜಿಲ್ಲೆಯ ಗುಬ್ಬಿಯ ಹೆಸರನ್ನು ನಾಟಕದಿಂದ ನಾಡಿನಲ್ಲೆಲ್ಲ ಬೆಳಗಿಸಿದ ಗುಬ್ಬಿ ವೀರಣ್ಣನವರು (1891–1972) ಮೂಕಚಿತ್ರಗಳನ್ನೂ ನಿರ್ಮಿಸಿದ್ದರು. ಅವರ ಕಂಪನಿಯ ಪ್ರಸಿದ್ಧ ನಾಟಕ ‘ಸದಾರಮೆ’ಯಲ್ಲಿ ನಾಯಕಿಯು ಗಂಡುವೇಷ ತೊಡುತ್ತಾಳೆ. ಗುಟ್ಟು ಪ್ರೇಕ್ಷಕರಿಗೆ ಗೊತ್ತು, ರಂಗದ ಮೇಲಿನವರಿಗೆ ಗೊತ್ತಿಲ್ಲ, ರಸವಿರುವುದು ಅಲ್ಲಿಯೇ. ರಂಗದ ಮೇಲೆ ವೇಷವನ್ನು ದನಿ ಬಯಲುಮಾಡಬಹುದು. ಮೂಕಚಿತ್ರದಲ್ಲಿ ಆ ಭಯವೂ ಇಲ್ಲ.

ಅಮೆರಿಕದ ವೈಟಾಗ್ರಾಫ್ ಸಂಸ್ಥೆಯು 1914ರಲ್ಲಿ ತಯಾರಿಸಿದ ‘ದಿ ಈಜಿಪ್ಷಿಯನ್ ಮಮ್ಮಿ’ ಎಂಬ ಹಾಸ್ಯಚಿತ್ರವನ್ನು ನೋಡಿ. ತನ್ನ ಸಂಜೀವಿನಿ ಮದ್ದನ್ನು ಪರೀಕ್ಷಿಸಲು ಪ್ರಾಧ್ಯಾಪಕನೊಬ್ಬನಿಗೆ ಮಮ್ಮಿ ಬೇಕು. ಅವನ ಮಗಳನ್ನು ಮದುವೆಯಾಗಬಯಸಿದ ಬಡ ತರುಣನು ಅಲೆಮಾರಿಯೊಬ್ಬನಿಗೆ ಮಮ್ಮಿಯ ವೇಷ ಹಾಕಿಸಿ ಮಾರುತ್ತಾನೆ! ಇಂತಹ ಮಮ್ಮಿ ಎದ್ದು ಕುಳಿತರೆ ಅದು ಮದ್ದಿನ ಮಹಿಮೆಯೋ, ವೇಷದ ಫಲವೋ? ಪ್ರಯೋಗಕ್ಕೆ ಮುನ್ನ ವಸ್ತುವನ್ನೇ ಪರೀಕ್ಷಿಸದವನಿಗೆ ತಿಳಿಯುವ ಬಗೆಯಿಲ್ಲ.

ಪರೀಕ್ಷೆಯಾದರೋ ಬಹು ಸುಲಭ. ಪ್ರಾಚೀನ ಈಜಿಪ್ಟಿನವರು ಶವದ ಒಳ ಅಂಗಗಳನ್ನು ತೆಗೆದು, ದೇಹವನ್ನು ನೇಟ್ರಾನ್ ಎಂಬ ಸೋಡಾ ಬೆರೆತ ಉಪ್ಪಿನಲ್ಲಿ ಸುಮಾರು 40 ದಿನ ಹೂಳಿಡುತ್ತಿದ್ದರು. ಉಪ್ಪು ನೀರನ್ನು ಹೀರುತ್ತಿತ್ತು. ನೀರಿಲ್ಲದೆಡೆ ಕೊಳೆಸುವ ಜೀವಾಣುಗಳು ಬೆಳೆಯಲಾರವು. 60 ಕಿಲೋಗ್ರಾಂ ತೂಗುವ ಮನುಷ್ಯನಲ್ಲಿ ಸುಮಾರು 36 ಕಿಲೋಗ್ರಾಂ ನೀರೇ ಇರುತ್ತದೆ. ಆದುದರಿಂದ ನಿಜವಾದ ಮಮ್ಮಿಯು ಅರ್ಧಕ್ಕಿಂತಲೂ ಹಗುರ. ಅಲೆಮಾರಿಯು ತಕ್ಕಡಿಯಲ್ಲೇ ಸಿಕ್ಕಿಬೀಳುತ್ತಿದ್ದನು.

ಇನ್ನೂ ಸೂಕ್ಷ್ಮವಾದ ಸಾಧನವೂ ಆಗ ಇತ್ತು. 1895ರಲ್ಲಿ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದನು; ಮರುವರ್ಷವೇ ಜರ್ಮನಿಯಲ್ಲಿ ಮಮ್ಮಿಯ ಬಟ್ಟೆ ಬಿಚ್ಚದೆ ಅದರ ಮೂಳೆಗಳ ಚಿತ್ರ ತೆಗೆಯಲಾಯಿತು.

ನಂಬಿಕೆಗೆ ಮುನ್ನ ತೂಕ, ತೀರ್ಮಾನಕ್ಕೆ ಮುನ್ನ ಪರೀಕ್ಷೆ: ಪ್ರಾಧ್ಯಾಪಕನು ಮರೆತ ಈ ಪಾಠವನ್ನು ವಿದ್ಯಾರ್ಥಿಗಳು ಮರೆಯಬಾರದು.