ಬಿಟ್‌ಕಾಯಿನ್: ಲೆಕ್ಕಿಗನಿಲ್ಲದ ಕಿರ್ದಿ

ಕಳೆದ ತಿಂಗಳು ತರಗತಿ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಬಂದು, “ಸಾರ್, ಬಿಟ್‌ಕಾಯಿನ್ನಿನಿಂದ ಏನನ್ನಾದರೂ ಕೊಳ್ಳಬಹುದೆ? ಅಥವಾ ಅದನ್ನೇ ಕೊಂಡು ಅದನ್ನೇ ಮಾರುತ್ತಿರಬೇಕೆ?” ಎಂದು ಕೇಳಿದನು. ಮುಂದಿನ ವರ್ಷದ ಶುಲ್ಕಕ್ಕೆಂದು ಮನೆಯವರು ಕೂಡಿಟ್ಟಿದ್ದ ಹಣದಲ್ಲಿ ಒಂದು ಪಾಲನ್ನು ಅದರಲ್ಲಿ ತೊಡಗಿಸುವ ಯೋಚನೆ ಅವನಿಗಿದ್ದಿತೆಂಬುದು ಅನಂತರ ತಿಳಿಯಿತು. ಆದುದರಿಂದ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ.

ಗಾಂಧಿಬಜಾರಿನ ಹಳೆಯ ಅಂಗಡಿಗಳಲ್ಲಿ ಕಿರ್ದಿ ಪುಸ್ತಕವಿರುತ್ತಿದ್ದುದನ್ನು ವಾಚಕರು ಹಿರಿಯರಿಂದ ಕೇಳಿರಬಹುದು. ಯಾರಿಂದ ಯಾರಿಗೆ ಎಷ್ಟು ಸಂದಿತೆಂಬುದನ್ನು ಅದರಲ್ಲಿ ಒಬ್ಬನು ಬರೆಯುವನು. ಆ ಒಬ್ಬನನ್ನು ಎಲ್ಲರೂ ನಂಬುವರು. ಬ್ಯಾಂಕು ಮಾಡುವುದೂ ಇದನ್ನೇ. ನಂಬತಕ್ಕ ಲೆಕ್ಕಿಗನೇ ಇಲ್ಲದೆ ಕಿರ್ದಿಯನ್ನು ಇಡಲು ಸಾಧ್ಯವೆ? ಈ ಪ್ರಶ್ನೆಗೆ 2008ರ ಅಕ್ಟೋಬರ್ 31ರಂದು ಸತೋಷಿ ನಾಕಾಮೊಟೊ ಎಂಬ ಹೆಸರಿನಲ್ಲಿ ಹೊರಬಂದ ಒಂದು ಕಿರುಲೇಖನವು ಉತ್ತರ ಕೊಟ್ಟಿತು. ಮರುವರ್ಷದ ಜನವರಿಯಲ್ಲಿ ಬಿಟ್‌ಕಾಯಿನ್ ಆರಂಭವಾಯಿತು.

ಉಪಾಯವು ಹೀಗಿದೆ. ಕಿರ್ದಿಯ ಪ್ರತಿಯು ಲೋಕದ ಸಾವಿರಾರು ಗಣಕಯಂತ್ರಗಳಲ್ಲಿರುವುದು. ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಹೊಸ ಪುಟ ಸೇರುವುದು. ಪ್ರತಿ ಪುಟವನ್ನೂ ಒಂದು ಗಣಿತಸೂತ್ರಕ್ಕೆ ಒಡ್ಡಿ 64 ಅಕ್ಷರಾಂಕಗಳ ಗುರುತೊಂದನ್ನು ಪಡೆಯುವರು. ಪುಟದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗುರುತು ಪೂರ್ತಿ ಬದಲಾಗುವುದು. ಹಿಂದಿನ ಪುಟದ ಗುರುತನ್ನು ಮುಂದಿನ ಪುಟದಲ್ಲಿ ಬರೆಯುವುದರಿಂದ, ಹಳೆಯ ಪುಟವನ್ನು ತಿದ್ದಹೊರಟವನು ಅದರ ಮುಂದಿನ ಪುಟಗಳನ್ನೆಲ್ಲ ಹೊಸದಾಗಿ ಸಿದ್ಧಪಡಿಸಬೇಕು. ಪುಟಗಳ ಈ ಸರಪಣಿಗೇ ಬ್ಲಾಕ್‌ಚೈನ್ ಎಂದು ಹೆಸರು.

ಹೊಸ ಪುಟವನ್ನು ಬರೆಯುವ ಹಕ್ಕು ಯಾರಿಗೆ? ಗುರುತಿನ ಆರಂಭದಲ್ಲಿ ಬಹಳ ಸೊನ್ನೆಗಳು ಬರುವಂತೆ ಪುಟಕ್ಕೆ ಒಂದು ಸಂಖ್ಯೆಯನ್ನು ಜೋಡಿಸಬಲ್ಲವನಿಗೆ. ಅದನ್ನು ಹುಡುಕಲು ಜಾಣ ಮಾರ್ಗವಿಲ್ಲ. ಒಂದಾದ ಮೇಲೊಂದು ಸಂಖ್ಯೆಯನ್ನು ಪರೀಕ್ಷಿಸುತ್ತ ಹೋಗಬೇಕು. ಇಂದು ಜಗತ್ತಿನ ಯಂತ್ರಗಳೆಲ್ಲ ಸೇರಿ ಸೆಕೆಂಡಿಗೆ ಹತ್ತರ ಇಪ್ಪತ್ತನೆಯ ಘಾತಕ್ಕೂ ಮಿಕ್ಕಿದ ಪ್ರಯತ್ನಗಳನ್ನು ಮಾಡುತ್ತಿವೆ. ಸೋತ ಪ್ರಯತ್ನಕ್ಕೂ ವಿದ್ಯುತ್ತು ಬೇಕು, ಆ ವಿದ್ಯುತ್ತು ಕೊನೆಗೆ ಶಾಖವಾಗಿಯೇ ಹೊರಬೀಳುವುದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಅಂದಾಜಿನಂತೆ ವರ್ಷಕ್ಕೆ 10,000 ಕೋಟಿ ಯೂನಿಟ್ಟಿಗೂ ಹೆಚ್ಚು. ಯಾರನ್ನೂ ನಂಬದಿರುವುದಕ್ಕೆ ಬಿಟ್‌ಕಾಯಿನ್ ತೆರುವ ಬೆಲೆ ಇದು. ನಂಬಿಕೆಯ ಅಭಾವವನ್ನು ಯೂನಿಟ್ಟುಗಳಲ್ಲಿ ಅಳೆಯಲು ಬರುವ ಸಂದರ್ಭಗಳು ಭೌತಶಾಸ್ತ್ರದವರಿಗೆ ದೊರೆಯುವುದು ಅಪರೂಪ!

ಇಷ್ಟು ಬೆಲೆ ಎಲ್ಲಿ ಸಾರ್ಥಕ? ಬಸವನಗುಡಿಯ ಹೂವಿನ ಅಂಗಡಿಯಲ್ಲಂತೂ ಅಲ್ಲ. ಒಂದು ಮೊಳ ಮಲ್ಲಿಗೆ ಕೊಂಡು ಮೊಬೈಲಿನಿಂದ ಹಣ ಕಳುಹಿಸಿದೊಡನೆ, ಹಣ ಬಂದಿತೆಂದು ಪುಟ್ಟ ಪೆಟ್ಟಿಗೆಯೊಂದು ಕೂಗಿ ಹೇಳುವುದು. ಅದು 2016ರಲ್ಲಿ ಆರಂಭವಾದ ಯುಪಿಐ. 2023ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರ ವ್ಯವಹಾರಗಳು 1,000 ಕೋಟಿಯನ್ನು ದಾಟಿದವು. ಭಾಗಿಸಿ ನೋಡಿದರೆ ಸೆಕೆಂಡಿಗೆ 3,700ಕ್ಕೂ ಹೆಚ್ಚು. ಬಿಟ್‌ಕಾಯಿನ್ನಿನ ಮೂಲ ಕಿರ್ದಿಯಲ್ಲಿ ಸೆಕೆಂಡಿಗೆ ಸುಮಾರು ಏಳು ಮಾತ್ರ ಹಿಡಿಯುತ್ತವೆ. ಮೇಲಾಗಿ 2021ರ ನವೆಂಬರಿನಲ್ಲಿ 68,000 ಡಾಲರಿಗೂ ಮೇಲೇರಿದ್ದ ನಾಣ್ಯವು ಮರುವರ್ಷ ಅದೇ ತಿಂಗಳಲ್ಲಿ 17,000ಕ್ಕೂ ಕೆಳಗಿಳಿದಿತ್ತು. ಇಂಥ ಅಳತೆಗೋಲಿನಿಂದ ಯಾರು ಮಲ್ಲಿಗೆ ಅಳೆದಾರು?

ನಮ್ಮೂರಿನಲ್ಲಿಯೇ ಒಂದು ಪ್ರಯತ್ನ ನಡೆದಿತ್ತು. ಈ ವ್ಯಾಪಾರದವರಿಗೆ ಬ್ಯಾಂಕುಗಳು ಸೇವೆ ನೀಡಕೂಡದೆಂದು 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಆಜ್ಞೆ ಹೊರಡಿಸಿತು. ಅದೇ ಅಕ್ಟೋಬರಿನಲ್ಲಿ ಯೂನೊಕಾಯಿನ್ ಸಂಸ್ಥೆಯು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲಿನಲ್ಲಿ ನೋಟು ಹಾಕುವ, ತೆಗೆಯುವ ಯಂತ್ರವೊಂದನ್ನು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯವು ರಿಸರ್ವ್ ಬ್ಯಾಂಕಿನ ಆಜ್ಞೆಯನ್ನು ರದ್ದುಮಾಡಿತು. ಆದರೆ ಗಮನಿಸತಕ್ಕ ಅಂಶ ಬೇರೆ: ಆ ಯಂತ್ರವಿದ್ದುದು ಅಕ್ಕಿ ಬೇಳೆ ಕೊಳ್ಳುವುದಕ್ಕಲ್ಲ, ನಾಣ್ಯವನ್ನು ಕೊಂಡು ಮಾರುವವರ ಖಾತೆಗೆ ರೂಪಾಯಿ ತುಂಬುವುದಕ್ಕೆ.

ಹಾಗೆಂದು ಉಪಯೋಗವೇ ಇಲ್ಲವೆನ್ನುವುದು ಅನ್ಯಾಯವಾದೀತು. 2021ರ ಮೇ ತಿಂಗಳಲ್ಲಿ ಆಮ್ಲಜನಕಕ್ಕಾಗಿ ಬೆಂಗಳೂರು ಪರದಾಡುತ್ತಿದ್ದಾಗ, ಎಥೀರಿಯಮ್ ಜಾಲದ ಸ್ಥಾಪಕರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ಅವರು ಭಾರತದ ಕೋವಿಡ್ ಪರಿಹಾರ ನಿಧಿಯೊಂದಕ್ಕೆ ಶಿಬಾ ಇನು ಎಂಬ ನಾಣ್ಯಗಳನ್ನು ಕೊಟ್ಟರು. ಅಂದಿನ ದರದಲ್ಲಿ ಅವುಗಳ ಬೆಲೆ 100 ಕೋಟಿ ಡಾಲರಿಗೂ ಅಧಿಕ. ಯಾವ ಬ್ಯಾಂಕಿನ ಕೈಯನ್ನೂ ಕಾಯದೆ ಅಷ್ಟು ದೊಡ್ಡ ದಾನ ಗಡಿ ದಾಟಿತು. ಆದರೆ ದಾನದ ಸುದ್ದಿ ಹರಡುತ್ತಲೇ ನಾಣ್ಯದ ದರ ಕುಸಿಯಿತು. ಸಿಲಿಂಡರ್ ಮಾರುವವನು ಕೇಳುವುದು ರೂಪಾಯಿಯನ್ನೇ ಆದುದರಿಂದ ಅವನ್ನು ಮಾರಲೇಬೇಕಾಯಿತು.

2023ರಲ್ಲಿ ಹಣದುಬ್ಬರವು ಶೇಕಡ 200ನ್ನು ಮೀರಿದ ಅರ್ಜೆಂಟೀನದಲ್ಲಿ ಜನರು ಡಾಲರಿಗೆ ಕಟ್ಟಿದ ನಾಣ್ಯಗಳಲ್ಲಿ ಉಳಿತಾಯವನ್ನಿಟ್ಟರು. ಅದು ನಿಜವಾದ ಉಪಯೋಗ, ಏಕೆಂದರೆ ಅಲ್ಲಿ ಲೆಕ್ಕಿಗನ ಮೇಲೆಯೇ ನಂಬಿಕೆ ಹೋಗಿತ್ತು. ಆದರೆ ಅಂಥ ನಾಣ್ಯದ ಹಿಂದೆ ಡಾಲರು ಇದೆಯೆಂದು ಹೇಳುವುದು ಒಂದು ಕಂಪೆನಿ; ಅದನ್ನು ನಂಬಬೇಕು. ಹೊರಗಟ್ಟಿದ ಲೆಕ್ಕಿಗನು ಹಿತ್ತಲ ಬಾಗಿಲಿನಿಂದ ಒಳಬಂದಂತಾಯಿತು.

ವಿದ್ಯಾರ್ಥಿಗೆ ಇಷ್ಟನ್ನೂ ಹೇಳಿ, 2022ರ ಏಪ್ರಿಲಿನಿಂದ ಇದರ ಲಾಭಕ್ಕೆ ಶೇಕಡ 30 ತೆರಿಗೆಯಿದೆಯೆಂಬುದನ್ನೂ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲಾಗದೆಂಬುದನ್ನೂ ತಿಳಿಸಿದೆವು. ಶುಲ್ಕದ ಹಣ ಬ್ಯಾಂಕಿನಲ್ಲಿಯೇ ಉಳಿಯಿತು. ಅವನು ಮಾತ್ರ ಸುಮ್ಮನಿರಲಿಲ್ಲ. ಸೊನ್ನೆಗಳನ್ನು ಹುಡುಕುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದು ತಂದನು. ನಾಲ್ಕು ಸೊನ್ನೆಗಳಿಗೆ ಸರಾಸರಿ 65,536 ಪ್ರಯತ್ನಗಳು ಬೇಕು, ಒಂದೊಂದು ಸೊನ್ನೆ ಹೆಚ್ಚಿದಂತೆ ಹದಿನಾರು ಪಟ್ಟು. ಏಳನೆಯ ಸೊನ್ನೆಯ ಹೊತ್ತಿಗೆ ಲ್ಯಾಪ್‌ಟಾಪಿನ ಫ್ಯಾನು ಜೋರಾಗಿ ತಿರುಗತೊಡಗಿ, ಅದರ ತಳವನ್ನು ಮುಟ್ಟಿದ ಅವನು ಕೈಯನ್ನು ಹಿಂದಕ್ಕೆಳೆದುಕೊಂಡನು.