ಟೇಸ್ಟ್ ನೋಡಿದರೆ ಸಾಲದು, ಟೆಸ್ಟ್ ಮಾಡಿಸಿ

ದಿನಕ್ಕೆ ಎಷ್ಟು ಸಲ 'ಟೇಸ್ಟು' ಎಂಬ ಮಾತು ನಿಮ್ಮ ಬಾಯಲ್ಲಿ ಬರುತ್ತದೆ, ಎಂದಾದರೂ ಗಮನಿಸಿದ್ದೀರಾ? ಒಲೆಯ ಮುಂದೆ ನಿಂತು ಸೌಟಿನಿಂದ ಅಂಗೈಗೆ ನಾಲ್ಕು ಹನಿ ಸಾರು ಬಿಟ್ಟುಕೊಂಡು 'ಟೇಸ್ಟ್ ನೋಡುತ್ತೀರಿ'. ಮುಳಬಾಗಿಲು ದೋಸೆಯ ಮೊದಲ ತುತ್ತಿಗೇ 'ಏನು ಟೇಸ್ಟು!' ಎನ್ನುತ್ತೀರಿ. ಶ್ರೀನಿವಾಸಪುರದ ಮಂಡಿಯಲ್ಲಿ ಬಾದಾಮಿ ಮಾವಿನ ಹೋಳು ಬಾಯಿಗಿಟ್ಟ ಮೇಲೆಯೇ ಬುಟ್ಟಿಯ ಬೆಲೆ ಕೇಳುತ್ತೀರಿ. ಮಗಳು ಆರಿಸಿದ ಸೀರೆ ಹಿಡಿಸದಿದ್ದರೆ 'ನಿನಗೆ ಟೇಸ್ಟೇ ಇಲ್ಲ' ಎಂದು ಗದರುತ್ತೀರಿ. ಜ್ವರ ಬಿಟ್ಟ ಮಾರನೆಯ ದಿನ 'ಬಾಯಿಗೆ ಟೇಸ್ಟೇ ಇಲ್ಲ ಡಾಕ್ಟ್ರೇ' ಎಂದು ದೂರುತ್ತೀರಿ.

ರುಚಿ, ಸವಿ, ಅಭಿರುಚಿ, ಪರೀಕ್ಷೆ - ಈ ನಾಲ್ಕು ಕೆಲಸವನ್ನೂ ನಾವು ಆ ಒಂದು ಇಂಗ್ಲಿಷ್ ಪದದಿಂದ ಮಾಡಿಸುತ್ತೇವೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಕನ್ನಡದ ಮನೆಯವರು 'ರುಚಿ ನೋಡು' ಎಂದರೆ ತೆಲುಗಿನ ಮನೆಯವರು 'ರುಚಿ ಚೂಡು' ಎನ್ನುತ್ತಾರೆ. ಎರಡು ಭಾಷೆಯಲ್ಲೂ ನಾಲಿಗೆಗೆ ಕಣ್ಣಿದೆ ಎಂದೇ ನಂಬಿಕೆ. ಈ ನಂಬಿಕೆ ಸಾರಿಗೆ, ಹಣ್ಣಿಗೆ ಸರಿ. ಕೋಲಾರ ಜಿಲ್ಲೆಯಲ್ಲಿ ಅದನ್ನು ಕುಡಿಯುವ ನೀರಿಗೂ ಹಚ್ಚಿದಾಗ ಮಾತ್ರ ಆರೋಗ್ಯ ಕೆಡುತ್ತದೆ. ಈ ವಾರದ ಮಾತು ಅದರ ಬಗ್ಗೆ.

ನಾಲಿಗೆ ಹೇಳುವುದೇನು?

ನಾಲಿಗೆಯ ರುಚಿಮೊಗ್ಗುಗಳು ಗುರುತಿಸುವ ಮೂಲ ರುಚಿಗಳು ಕೆಲವೇ: ಸಿಹಿ, ಉಪ್ಪು, ಹುಳಿ, ಕಹಿ. ಇವುಗಳ ಜೊತೆಗೆ ಐದನೆಯದಾಗಿ 'ಉಮಾಮಿ'ಯನ್ನು ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡ 1908ರಲ್ಲಿ ಹೆಸರಿಸಿದರು. ನಮ್ಮ ಆಯುರ್ವೇದ ಹೇಳುವ ಆರು ರಸಗಳಲ್ಲಿ ಬರುವ ಖಾರ, ರುಚಿಮೊಗ್ಗಿನ ಕೆಲಸವಲ್ಲ. ಅದು ಉರಿಯನ್ನು ತಿಳಿಸುವ ನರದ ಕೆಲಸ. ಇನ್ನು ಮಾವಿನ ಹಣ್ಣಿನಲ್ಲಿ ನೀವು ಮೆಚ್ಚುವ ಆ ವಿಶೇಷ ಸ್ವಾದದ ಬಹುಪಾಲು ಮೂಗಿನದು. ನೆಗಡಿಯಾದಾಗ ಬಾದಾಮಿಗೂ ರಸಪುರಿಗೂ ವ್ಯತ್ಯಾಸ ತಿಳಿಯದಿರುವುದು ಇದಕ್ಕೇ. 2020ರ ಕೋವಿಡ್ ಕಾಲದಲ್ಲಿ ಇದು ಎಷ್ಟೋ ಮನೆಗಳ ಅನುಭವಕ್ಕೇ ಬಂತು.

ಹಳಸಿದ ಅನ್ನ, ಒಡೆದ ಹಾಲು, ಕಹಿ ಸೌತೆಕಾಯಿ - ಇವನ್ನು ನಾಲಿಗೆ ಮೂಗುಗಳು ಕ್ಷಣದಲ್ಲಿ ಹಿಡಿಯುತ್ತವೆ. ಆದರೆ ರುಚಿಯೂ ವಾಸನೆಯೂ ಇಲ್ಲದ ವಸ್ತುವನ್ನು ಅವು ಹಿಡಿಯುವುದಾದರೂ ಹೇಗೆ?

'ನಮ್ಮ ಬೋರಿನ ನೀರು ಬಲು ಟೇಸ್ಟು'

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ - ಯಾವ ತಾಲ್ಲೂಕಿನಲ್ಲೂ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದೆ ಕೆರೆ, ಬಾವಿಗಳು ನೀರು ಕೊಟ್ಟವು. ಅವು ಬತ್ತಿದಂತೆ ಕೊಳವೆಬಾವಿ ಬಂತು. ಎಷ್ಟೋ ಕಡೆ ಸಾವಿರ ಅಡಿ ದಾಟಿ ಇಳಿಯಿತು. ಆ ಆಳದ ಗ್ರಾನೈಟ್ ಮತ್ತು ನೈಸ್ ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನಲ್ಲಿರುವ ಫ್ಲೋರೈಡ್ ಕರಗಿ ಸೇರುತ್ತದೆ. ಈ ನಾಲ್ಕೂ ತಾಲ್ಲೂಕುಗಳ ಹಲವು ಊರುಗಳ ಕೊಳವೆಬಾವಿಗಳಲ್ಲಿ ಮಿತಿಮೀರಿದ ಫ್ಲೋರೈಡ್ ಕಂಡುಬಂದಿದೆ.

ಮಿತಿ ಎಂದರೆ ಎಷ್ಟು? ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ. ಕೊಳವೆಬಾವಿಗಳಲ್ಲಿ ಸಾಮಾನ್ಯವಾಗಿ ಸಿಗುವ ಪ್ರಮಾಣದಲ್ಲಿ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆ ಗುರುತು ಹಿಡಿಯುವಂಥ ರುಚಿಯೂ ಇಲ್ಲ.

ಇನ್ನೂ ಒಂದು ಮೋಸವಿದೆ. ನೀರು ಒಳ್ಳೆಯದೇ ಎಂದು ತಿಳಿಯಲು ಮನೆಯ ಹಿರಿಯರು ಮೂರು ಪರೀಕ್ಷೆ ಹೇಳುತ್ತಾರೆ: ಕುಡಿದರೆ ಸೀನೀರಾಗಿರಬೇಕು, ಬೇಳೆ ಬೇಗ ಬೇಯಬೇಕು, ಸೋಪು ಚೆನ್ನಾಗಿ ನೊರೆ ಬರಬೇಕು. ಇವು ನೀರಿನ ಉಪ್ಪನ್ನೂ ಗಡಸುತನವನ್ನೂ ಅಳೆಯುತ್ತವೆ, ನಿಜ. ಆದರೆ ಕ್ಯಾಲ್ಸಿಯಂ ಕಡಿಮೆಯಿರುವ ಮೆದು ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿ ನಿಲ್ಲಬಲ್ಲದು. ಹೀಗಾಗಿ ಮೂರೂ ಪರೀಕ್ಷೆಯಲ್ಲಿ ಪಾಸಾದ ನೀರೇ ಹಲ್ಲು ಮೂಳೆಗಳನ್ನು ಕೆಡಿಸುವ ನೀರಾಗಿರಬಹುದು.

ಮೈಯಲ್ಲಿ ಏನಾಗುತ್ತದೆ?

ಭಾರತದಲ್ಲಿ ಈ ಕಾಯಿಲೆಯ ಮೊದಲ ವರದಿ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಬಂತು. ಉಳುವ ಎತ್ತುಗಳು ನಡೆಯಲಾರದೆ ಸೋಲುವುದನ್ನು ಅಲ್ಲಿನ ರೈತರು ಮೊದಲೇ ಗಮನಿಸಿದ್ದರು.

ಮಕ್ಕಳಲ್ಲಿ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವಾಗ, ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಮುಂದೆ ಹಳದಿ ಅಥವಾ ಕಂದು ಪಟ್ಟೆ ಮೂಡುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. 'ಹಲ್ಲುಜ್ಜುವುದಿಲ್ಲ' ಎಂದು ಮಗುವನ್ನು ಬೈಯುವ ಮೊದಲು ನೀರನ್ನು ಅನುಮಾನಿಸಿ.

ದೊಡ್ಡವರಲ್ಲಿ ವರ್ಷಗಟ್ಟಲೆ ಕುಡಿದ ಮೇಲೆ ಕುತ್ತಿಗೆ, ಸೊಂಟ, ಮಂಡಿ ಬಿಗಿಯುತ್ತವೆ. ಮಂಡಿ ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಮುಟ್ಟಲು ಆಗುತ್ತದೆಯೆ? ಗದ್ದ ಎದೆಗೆ ತಾಗುತ್ತದೆಯೆ? ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯಬಲ್ಲಿರಾ? ಆಗದಿದ್ದರೆ ವೈದ್ಯರನ್ನು ಕಾಣಿ. ಇವು ಬರೀ ಸುಳಿವು. ವಯಸ್ಸಿನ ಸಂಧಿವಾತದಲ್ಲೂ ಹೀಗಾಗುವುದುಂಟು. ಮೂತ್ರಪರೀಕ್ಷೆ, ಎಕ್ಸ್‌ರೇ ಮತ್ತು ನೀರಿನ ವರದಿ ಸೇರಿದರೆ ನಿಜ ತಿಳಿಯುತ್ತದೆ. ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ತಡೆಯುವುದೇ ದಾರಿ.

ಸಪ್ಪೆ ಎಂದು ಬಿಡಬೇಡಿ

ಈಗ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅಲ್ಲಿನ ಆರ್‌ಓ ಯಂತ್ರ ಫ್ಲೋರೈಡಿನೊಡನೆ ಇತರ ಲವಣಗಳನ್ನೂ ತೆಗೆಯುವುದರಿಂದ ನೀರು ಸಪ್ಪೆಯಾಗುತ್ತದೆ. 'ಈ ನೀರಿಗೆ ಟೇಸ್ಟೇ ಇಲ್ಲ' ಎಂದು ಅಜ್ಜಿ ಮತ್ತೆ ಬೋರಿನ ನೀರಿಗೇ ತಿರುಗುತ್ತಾರೆ. ಅಂಥವರಿಗೆ ಹೇಳಿ: ರೂಢಿಯಾದ ನೀರೇ ನಾಲಿಗೆಗೆ ಅಳತೆಗೋಲು. ಕೆಲವು ವಾರ ಕುಡಿದರೆ ಇದೂ ರೂಢಿಯಾಗುತ್ತದೆ.

ಇನ್ನೊಂದು ತಪ್ಪು, ಕ್ಯಾನ್ ನೀರನ್ನು ಕುಡಿಯಲು ಮಾತ್ರ ಇಟ್ಟು ಅಡುಗೆಗೆ ಬೋರಿನ ನೀರು ಬಳಸುವುದು. ಮುದ್ದೆಗೆ ಇಟ್ಟ ಎಸರೆಲ್ಲ ಮುದ್ದೆಯೊಳಗೇ ಉಳಿಯುತ್ತದೆ. ಅನ್ನ, ಸಾರು, ಕಾಫಿಯ ಕಥೆಯೂ ಅದೇ. ಅಡುಗೆಗೂ ಶುದ್ಧ ನೀರೇ ಇರಲಿ. ಸ್ನಾನಕ್ಕೆ, ಬಟ್ಟೆ ಒಗೆಯಲು ಬೋರಿನ ನೀರು ಧಾರಾಳವಾಗಿ ಸಾಕು.

ನೀವು ಮಾಡಬೇಕಾದ್ದು

* ನೀರನ್ನು ಪರೀಕ್ಷೆ ಮಾಡಿಸಿ. ಮೋಟಾರು ಐದು ನಿಮಿಷ ಓಡಿದ ಮೇಲೆ ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಒಂದು ಲೀಟರ್ ತುಂಬಿ, ಊರು, ಮೂಲ, ತಾರೀಖು ಬರೆದು ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಗಾಜಿನ ಬಾಟಲಿ ಬೇಡ. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಎಂದೂ ಕೇಳಿ.

* ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಪರೀಕ್ಷಿಸಿ. ಬೋರನ್ನು ಇನ್ನಷ್ಟು ಆಳಕ್ಕೆ ಇಳಿಸಿದರೆ ಮತ್ತೆ ಪರೀಕ್ಷೆ ಬೇಕು.

* ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯುವಿ ದೀಪದ ಫಿಲ್ಟರ್ - ಇವೂ ಇದಕ್ಕೆ ನಿಷ್ಪ್ರಯೋಜಕ.

* ಘಟಕದ ನೀರನ್ನೂ ಆಗಾಗ ಪರೀಕ್ಷಿಸುವಂತೆ ಪಂಚಾಯಿತಿಯವರನ್ನು ಒತ್ತಾಯಿಸಿ. ಒಳಗಿನ ಪೊರೆ ಹಳತಾದರೆ ಯಂತ್ರ ಓಡುತ್ತಿರುತ್ತದೆ, ಫ್ಲೋರೈಡ್ ಮಾತ್ರ ನಿಲ್ಲುವುದಿಲ್ಲ.

* ಸ್ವಚ್ಛವಾದ ಚಾವಣಿಯಿಂದ ಹಿಡಿದ ಮಳೆನೀರಿನಲ್ಲಿ ಫ್ಲೋರೈಡ್ ಅತಿ ಕಡಿಮೆ. ಸೋಸಿ, ಮುಚ್ಚಿಟ್ಟು, ಕುದಿಸಿ ಕುಡಿಯಬಹುದು.

* ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವ ಸಾಕಷ್ಟಿರುವ ಊಟ ಮಾಡಿ. ಹಾಲು, ಮೊಸರು, ನುಗ್ಗೆಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು ಒಳ್ಳೆಯವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಇಷ್ಟಿದ್ದರೂ ಊಟ ನೀರಿಗೆ ಬದಲಿಯಲ್ಲ, ಬೆಂಬಲ ಮಾತ್ರ.

ಕೊನೆಗೆ, ಶುರು ಮಾಡಿದ ಪದಕ್ಕೇ ಬರೋಣ. 'ಟೇಸ್ಟ್' ಎಂಬುದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ. ಅಲ್ಲಿ ಅದಕ್ಕೆ ಮುಟ್ಟಿ ನೋಡು, ಪರೀಕ್ಷಿಸು ಎಂಬ ಅರ್ಥವಿತ್ತು. 'ಟೆಸ್ಟ್' ಬಂದದ್ದು ಲ್ಯಾಟಿನ್ನಿನ ಮಣ್ಣಿನ ಪಾತ್ರೆಯ ಹೆಸರಿನಿಂದ. ಅಂಥ ಪಾತ್ರೆಯಲ್ಲಿ ಕರಗಿಸಿ ಚಿನ್ನ ಬೆಳ್ಳಿಗಳ ಶುದ್ಧತೆ ಅಳೆಯುತ್ತಿದ್ದರು. ಚಿನ್ನದ ಜಿಲ್ಲೆಯವರಾದ ನಿಮಗೆ ಹೆಚ್ಚು ಹೇಳಬೇಕಿಲ್ಲ. ಹೊಳಪು ನೋಡಿ ಯಾರೂ ಚಿನ್ನ ಕೊಳ್ಳುವುದಿಲ್ಲ. ಮಗುವಿನ ಲೋಟಕ್ಕೆ ಸುರಿಯುವ ನೀರನ್ನು ಮಾತ್ರ ಟೇಸ್ಟ್ ನೋಡಿ ಒಪ್ಪಿಕೊಳ್ಳುವುದೇಕೆ? ಈ ವಾರವೇ ಒಂದು ಬಾಟಲಿ ತುಂಬಿ ಪರೀಕ್ಷೆಗೆ ಕಳುಹಿಸಿ.